ಗುಮ್ಮಟದ ಮೇಲೊಂದು ಹೆಂಚಿನ ಮಾಡು

ಬೈಜಾಂಟೈನ್ ವಾಸ್ತುಶಿಲ್ಪ ಎಂದೊಡನೆ ನೆನಪಾಗುವುದು ಕಾನ್‌ಸ್ಟಾಂಟಿನೋಪಲ್‌ನಲ್ಲಿ ಕ್ರಿ.ಶ. 537ರಲ್ಲಿ ಪೂರ್ಣಗೊಂಡ ಹಾಗಿಯಾ ಸೋಫಿಯಾ. ಆ ಅಳತೆಗೋಲು ಹಿಡಿದು ಹೊರಟವರಿಗೆ ಸೈಪ್ರಸ್‌ನ ಟ್ರೂಡೋಸ್ ಬೆಟ್ಟಸಾಲಿನ ಹಳ್ಳಿ ಚರ್ಚುಗಳು ದನದ ಕೊಟ್ಟಿಗೆಯಂತೆ ಕಂಡಾವು. ಒರಟು ಕಲ್ಲಿನ ಗೋಡೆ, ತೀರಾ ಕೆಳಕ್ಕೆ ಇಳಿಬಿಟ್ಟ ಹೆಂಚಿನ ಮಾಡು. ಹೊರಗೆ ಅಲಂಕಾರವೆಂಬುದೇ ಇಲ್ಲ. ಒಳಹೊಕ್ಕರೆ ಗೋಡೆ, ಕಮಾನು, ಮೂಲೆ ಎನ್ನದೆ ವರ್ಣಚಿತ್ರ. ಇಂಥ ಹತ್ತು ಚರ್ಚುಗಳು ವಿಶ್ವ ಪರಂಪರೆಯ ಪಟ್ಟಿಯಲ್ಲಿವೆ. ಒಂಬತ್ತು 1985ರಲ್ಲಿ ಸೇರಿದವು, ಹತ್ತನೆಯದು 2001ರಲ್ಲಿ.

ಕೆಡವದೆ ಹೊದಿಸಿದರು

ಕಕೊಪೆಟ್ರಿಯಾ ಬಳಿಯ ಸಂತ ನಿಕೋಲಸರ ಚರ್ಚು 11ನೇ ಶತಮಾನದ್ದು. ಶಿಲುಬೆಯಾಕಾರದ ವಿನ್ಯಾಸ, ನಡುವೆ ಗುಮ್ಮಟ, ಎಲ್ಲವೂ ಕಾನ್‌ಸ್ಟಾಂಟಿನೋಪಲ್‌ನ ಪದ್ಧತಿಯಂತೆಯೇ. ಆದರೆ ಹಿಮ ಬೀಳುವ ಬೆಟ್ಟದಲ್ಲಿ ಗುಮ್ಮಟ ಬಾಳುವುದು ಕಷ್ಟ: ಸಂದುಗಳಲ್ಲಿ ನೀರು ನಿಂತು ಗಾರೆ ಬಿರಿಯುತ್ತದೆ. ಮುಂದಿನವರು ಅದನ್ನು ಕೆಡವುವ ಗೋಜಿಗೆ ಹೋಗದೆ, ಅದರ ಮೇಲೆಯೇ ಕಡಿದಾದ ಮರದ ಮಾಡು ಎತ್ತಿ, ಕೊಕ್ಕೆಯುಳ್ಳ ಚಪ್ಪಟೆ ಹೆಂಚು ಹೊದಿಸಿದರು. ಆಸಿನೂವಿನ ಕಮಾನಿನ ಚರ್ಚಿಗೂ ಇದೇ ಹೊದಿಕೆ. ಅದರಡಿ 1105-06ರ ಚಿತ್ರಗಳು ಇಂದಿಗೂ ಉಳಿದಿವೆ. ಮುಂದೆ ಗುಮ್ಮಟವನ್ನೇ ಕೈಬಿಟ್ಟು ನಾಲ್ಕು ಗೋಡೆಗಳ ಮೇಲೆ ನೇರವಾಗಿ ಮಾಡು ಇಡುವ ರೂಢಿ ಬಂತು. ಮೂಟುಲ್ಲಾಸ್‌ನ 1280ರ ಚರ್ಚು ಅಂಥದ್ದು. ಪೆಡೂಲಾಸ್‌ನಲ್ಲಿ, 1474ರ ಗೋಡೆಚಿತ್ರದಲ್ಲಿ, ಚರ್ಚು ಕಟ್ಟಿಸಿದ ಪಾದ್ರಿಯು ಹೆಂಡತಿ ಮಕ್ಕಳೊಡನೆ ನಿಂತು ಕಟ್ಟಡದ ಪುಟ್ಟ ಮಾದರಿಯನ್ನು ದೇವದೂತನಿಗೆ ಅರ್ಪಿಸುತ್ತಾನೆ. ತನ್ನೂರಿನ ಚರ್ಚಿನ ಬಗ್ಗೆ ಅವನಿಗೇನೂ ಕೀಳರಿಮೆ ಇದ್ದಂತಿಲ್ಲ.

ಯಾರ ಪ್ರಭಾವ?

1192ರಿಂದ ದ್ವೀಪವನ್ನು ಆಳಿದವರು ಪಶ್ಚಿಮದ ಪ್ರಭುಗಳು. ಅವರೊಡನೆ ಬಂದ ಬಡಗಿ ವಿದ್ಯೆಯೇ ಈ ಮಾಡಿನ ಮೂಲವೆಂಬುದು ಒಂದು ವಾದ. ಹಿಮವೂ ಪೈನ್ ಕಾಡೂ ಸಾಕಷ್ಟು ಕಾರಣವೆಂಬುದು ಇನ್ನೊಂದು. ಮಾಡುಗಳಲ್ಲಿ ಹೆಚ್ಚಿನವು ಆ ಆಳ್ವಿಕೆಯ ಕಾಲದವಾದ್ದರಿಂದ ಮೊದಲನೆಯದನ್ನು ತಳ್ಳಿಹಾಕಲಾಗದು. ಆದರೂ ಅದೇ ಪ್ರಭುಗಳ ಅಧೀನದಲ್ಲಿದ್ದ ಬಯಲುಸೀಮೆಯಲ್ಲಿ ಈ ಮಾದರಿ ಬೆಳೆಯಲಿಲ್ಲ, ಬೆಟ್ಟದಲ್ಲೇ ಉಳಿಯಿತು. ಹೀಗಾಗಿ ಎರಡನೆಯ ವಾದಕ್ಕೆ ತೂಕ ಹೆಚ್ಚು.

ಆರಾಧನೆ, ಸಂರಕ್ಷಣೆ

ಈ ಚರ್ಚುಗಳಲ್ಲಿ ಕೆಲವೆಡೆ ಇಂದಿಗೂ ಪೂಜೆ ನಡೆಯುತ್ತದೆ. ಮೇಣದಬತ್ತಿಯ ಮಸಿ, ಜನರ ಉಸಿರಿನ ತೇವ ಚಿತ್ರಗಳಿಗೆ ಹಾನಿಕರವೆಂಬ ಸಂರಕ್ಷಕರ ಆತಂಕ ಸುಳ್ಳಲ್ಲ. ಆದರೆ ಶತಮಾನಗಳ ಕಾಲ ಈ ಮಾಡುಗಳನ್ನು ಸೋರದಂತೆ ಕಾದದ್ದು ಅಲ್ಲಿ ಪ್ರಾರ್ಥನೆ ನಡೆಯುತ್ತಿತ್ತೆಂಬ ಕಾರಣವೇ. ಉರಿಸುವ ಬತ್ತಿಗಳಿಗೆ ಮಿತಿ ಇರಲಿ. ಬಾಗಿಲಿಗೆ ಬೀಗ ಬೇಡ.