ಕಾಡುದಾರಿಯ ಮೋಟಾರ್ ಸೈಕಲ್ಲಿಗೆ ಹೊಸ ಬ್ಯಾಟರಿ

ಮೋಟಾರ್ ಸೈಕಲ್ಲು ಪೇಟೆಯ ಡಾಮರು ಬೀದಿಗಳಿಗೆ ಮಾತ್ರ ಮೀಸಲಾಗಿದ್ದ ಕಾಲವು ಕಳೆದುಹೋಯಿತು. ಚಿಕ್ಕಮಗಳೂರು, ಸಕಲೇಶಪುರ, ಮಡಿಕೇರಿ ಮೊದಲಾದ ಸೀಮೆಗಳ ತೋಟದ ಮನೆಗಳಲ್ಲಿ, ಕಲ್ಲುದಾರಿಯನ್ನೂ ಹಳ್ಳವನ್ನೂ ದಾಟಬಲ್ಲ, ನೆಲದಿಂದ ಎತ್ತರವಾಗಿ ನಿಂತ, ಒರಟು ಹಲ್ಲಿನ ಟೈರುಗಳುಳ್ಳ ಗಾಡಿಗಳು ಈಗ ಕಾಣಬರುತ್ತವೆ. 2016ರಲ್ಲಿ ರಾಯಲ್ ಎನ್‌ಫೀಲ್ಡ್ ಕಂಪೆನಿಯವರು ‘ಹಿಮಾಲಯನ್’ ಎಂಬುದನ್ನೂ, 2019ರಲ್ಲಿ ಹೀರೋ ಕಂಪೆನಿಯವರು ‘ಎಕ್ಸ್‌ಪಲ್ಸ್ 200’ ಎಂಬುದನ್ನೂ ಮಾರಾಟಕ್ಕೆ ತಂದ ತರುವಾಯ, ತೋಟವಿಲ್ಲದ ಪಟ್ಟಣವಾಸಿಗಳ ಮಕ್ಕಳೂ ಇಂಥ ವಾಹನಗಳನ್ನೇರಿ ಘಟ್ಟಗಳನ್ನು ಸುತ್ತುವುದು, ಮನಾಲಿಯಿಂದ ಲೇಹದವರೆಗೆ ಹೋಗಿಬರುವುದು ರೂಢಿಯಾಗಿದೆ. ಸುತ್ತುವವರು ಮಕ್ಕಳು, ಬ್ಯಾಟರಿಯ ಹಣವನ್ನು ಕೊಡತಕ್ಕವರೂ, ರಾತ್ರಿ ಬಾಗಿಲು ತೆರೆದಿಟ್ಟುಕೊಂಡು ಕಾಯತಕ್ಕವರೂ ತಂದೆತಾಯಿಗಳು. ಆದಕಾರಣ ಈ ವಿಷಯವನ್ನು ಗೃಹಸ್ಥರು ತಿಳಿದಿರುವುದು ಅವಶ್ಯವೆಂದು ಭಾವಿಸಿ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಹಿಂದಿನ ಗಾಡಿಗಳಲ್ಲಿ ಬ್ಯಾಟರಿಯು ಸತ್ತರೆ ದೀಪವೂ ಹಾರನ್ನೂ ಹೋಗುತ್ತಿದ್ದುವು, ಅಷ್ಟೆ. ಕಾಲಿನಿಂದ ಒಂದು ಕಿಕ್ ಹೊಡೆದರೆ ಇಂಜಿನು ಹೊತ್ತಿಕೊಳ್ಳುತ್ತಿತ್ತು. ಈಗಿನ ಸ್ಥಿತಿ ಹಾಗಲ್ಲ. ಹಿಮಾಲಯನ್ ಗಾಡಿಗೆ ಕಿಕ್ ಎಂಬುದೇ ಇಲ್ಲ. ಅಲ್ಲದೆ, 2020ನೆಯ ಏಪ್ರಿಲ್ 1ರಿಂದ ಜಾರಿಗೆ ಬಂದ ಹೊಗೆಯ ನಿಯಮಗಳ ದೆಸೆಯಿಂದ ಕಾರ್ಬುರೇಟರು ಹೋಗಿ, ಪೆಟ್ರೋಲನ್ನು ವಿದ್ಯುತ್ ಪಂಪಿನಿಂದ ಒತ್ತಿ ಚಿಮ್ಮಿಸುವ ಪದ್ಧತಿಯು ಬಹುಮಟ್ಟಿಗೆ ಎಲ್ಲ ಗಾಡಿಗಳಿಗೂ ಬಂದಿತು. ಆ ಪಂಪೂ, ಅದನ್ನು ಆಳುವ ಯಂತ್ರಮಸ್ತಿಷ್ಕವೂ ವಿದ್ಯುತ್ತನ್ನು ಬೇಡುತ್ತವೆ. ಬ್ಯಾಟರಿಯು ಕೇವಲ ಸೊರಗಿದ್ದರೆ ಇಳಿಜಾರಿನಲ್ಲಿ ತಳ್ಳಿ ಹೊತ್ತಿಸಬಹುದು. ಪೂರ್ಣವಾಗಿ ಬರಿದಾಗಿದ್ದರೆ ನಾಲ್ವರು ತಳ್ಳಿದರೂ ಪ್ರಯೋಜನವಾಗುವುದು ಕಷ್ಟ. ನಮ್ಮ ಪರಿಚಯದ ತೋಟದ ಮನೆಯೊಂದರ ಯುವಕನು ಮಳೆಗಾಲದ ಸಂಜೆಯೊಂದರಲ್ಲಿ, ಮೊಬೈಲಿಗೆ ಸಂಕೇತವೂ ಸಿಕ್ಕದ ಕಣಿವೆಯಲ್ಲಿ ಹೀಗೆ ಸಿಕ್ಕಿಕೊಂಡು, ಜಿಗಣೆಗಳ ನಡುವೆ ಏಳು ಮೈಲಿ ನಡೆದು ನಡುರಾತ್ರಿಗೆ ಮನೆ ಸೇರಿದನು. ಅವನ ಗಾಡಿಯಲ್ಲಿದ್ದದ್ದು ಎರಡೇ ತಿಂಗಳ ಹಿಂದೆ ಕೊಂಡ ಹೊಸ ಬ್ಯಾಟರಿ! ಇದು ಹೇಗಾಯಿತೆಂಬುದನ್ನು ಮುಂದೆ ಹೇಳುತ್ತೇನೆ.

ಬ್ಯಾಟರಿಯ ಒಳಗಿನ ಸ್ವರೂಪವನ್ನು ಸ್ವಲ್ಪ ತಿಳಿದಿರಬೇಕು. 1859ರಲ್ಲಿ ಫ್ರಾನ್ಸ್ ದೇಶದ ಗಾಸ್ಟನ್ ಪ್ಲಾಂಟೆ ಎಂಬವರು ನಿರ್ಮಿಸಿದ ಸೀಸದ ವಿದ್ಯುತ್ಕೋಶವೇ ಇಂದಿಗೂ ನಮ್ಮ ಗಾಡಿಗಳಲ್ಲಿ ಕೆಲಸ ಮಾಡುತ್ತಿದೆ. ಒಂದು ಬದಿಗೆ ಸೀಸದ ಫಲಕ, ಇನ್ನೊಂದು ಬದಿಗೆ ಸೀಸದ ಡಯಾಕ್ಸೈಡನ್ನು ಮೆತ್ತಿದ ಫಲಕ, ಎರಡಕ್ಕೂ ನಡುವೆ ನೀರು ಬೆರಸಿದ ಗಂಧಕಾಮ್ಲ. ಇಂಥ ಕೋಶವೊಂದು ಸುಮಾರು 2.1 ವೋಲ್ಟನ್ನು ಕೊಡುತ್ತದೆ. ಆರು ಕೋಶಗಳನ್ನು ಸಾಲಾಗಿ ಕೂಡಿಸಿದರೆ 12.6 ವೋಲ್ಟ್. ನಾವು ರೂಢಿಯಲ್ಲಿ 12 ವೋಲ್ಟಿನ ಬ್ಯಾಟರಿಯೆನ್ನುವುದು ಇದನ್ನೇ. ವಿದ್ಯುತ್ತು ವ್ಯಯವಾದ ಹಾಗೆ ಎರಡು ಫಲಕಗಳ ಮೇಲೆಯೂ ಸೀಸದ ಸಲ್ಫೇಟು ಕೂಡುತ್ತದೆ. ಚಾರ್ಜ್ ಮಾಡಿದಾಗ ಅದು ಕರಗಿ ಮೊದಲಿನಂತಾಗುತ್ತದೆ. ಆದರೆ ಬರಿದಾದ ಸ್ಥಿತಿಯಲ್ಲಿಯೇ ವಾರಗಟ್ಟಲೆ ಬಿಟ್ಟರೆ ಆ ಸಲ್ಫೇಟು ಹರಳುಗಟ್ಟಿ ಗಡುಸಾಗಿ, ಮತ್ತೆ ಕರಗಲೊಲ್ಲದು. ಸಂಸ್ಕೃತದಲ್ಲಿ ಕೋಶವೆಂದರೆ ಬೊಕ್ಕಸವೆಂಬ ಅರ್ಥವೂ ಉಂಟಷ್ಟೆ. ಬರಿದಾದ ಬೊಕ್ಕಸವನ್ನು ಬಹುಕಾಲ ತುಂಬದೆ ಬಿಟ್ಟ ಅರಸನ ಪಾಡೇ ಇದರ ಪಾಡೂ ಕೂಡ.

ವೈದ್ಯಶಾಸ್ತ್ರದಲ್ಲಿ ಚಿಕಿತ್ಸೆಗಿಂತ ಮುಂಚೆ ನಿದಾನವನ್ನು ಹೇಳಿದೆ. ಇಲ್ಲಿಯೂ ಅದೇ ಕ್ರಮ. ಗಾಡಿ ಹೊತ್ತದಿದ್ದ ಕೂಡಲೆ ಹೊಸ ಬ್ಯಾಟರಿಯನ್ನು ಕೊಳ್ಳಲು ಓಡುವುದು ಸಲ್ಲದು. ಕೆಲವು ನೂರು ರೂಪಾಯಿಗಳಿಗೆ ದೊರಕುವ ಮಲ್ಟಿಮೀಟರೊಂದು ಮನೆಯಲ್ಲಿದ್ದರೆ ಸಾಕು. ಬ್ಯಾಟರಿಯನ್ನು ಪೂರ್ಣ ಚಾರ್ಜ್ ಮಾಡಿ, ಒಂದು ರಾತ್ರಿ ಸುಮ್ಮನಿರಿಸಿ, ಬೆಳಿಗ್ಗೆ ಅಳೆಯಿರಿ. 12.6ರಿಂದ 12.8ರವರೆಗೆ ತೋರಿಸಿದರೆ ಕ್ಷೇಮ. 10.5ರ ಆಸುಪಾಸಿನಲ್ಲಿ ನಿಂತರೆ ಆರರಲ್ಲಿ ಒಂದು ಕೋಶವು ಕೆಟ್ಟಿದೆಯೆಂದು ವ್ಯವಕಲನವನ್ನು ಬಲ್ಲ ಹುಡುಗನೂ ಹೇಳಬಲ್ಲನು. ಆಮೇಲೆ ಸೆಲ್ಫ್ ಗುಂಡಿಯನ್ನೊತ್ತಿ ನೋಡಿರಿ; ಇಂಜಿನು ತಿರುಗುತ್ತಿರುವಾಗ ವೋಲ್ಟು 10ಕ್ಕಿಂತ ಬಹಳ ಕೆಳಗೆ ಕುಸಿದರೆ ಬ್ಯಾಟರಿಗೆ ಮುಪ್ಪು ಬಂದಿತೆಂದೇ ತಿಳಿಯಬೇಕು. ಕಡೆಗೆ, ಇಂಜಿನನ್ನು ಓಡಿಸಿ ಸ್ವಲ್ಪ ವೇಗವನ್ನು ಕೊಟ್ಟು ಅಳೆದರೆ ಸುಮಾರು 13.5ರಿಂದ 14.5ರೊಳಗೆ ಇರಬೇಕು. 13ನ್ನೂ ದಾಟದಿದ್ದರೆ ಚಾರ್ಜ್ ಆಗುತ್ತಿಲ್ಲ. 15ನ್ನು ಮೀರಿದರೆ ರೆಗ್ಯುಲೇಟರು ಕೆಟ್ಟು ಬ್ಯಾಟರಿಯನ್ನು ಕುದಿಸುತ್ತಿದೆ. ಇವೆರಡರಲ್ಲಿ ಯಾವುದಿದ್ದರೂ ಹೊಸ ಬ್ಯಾಟರಿಯು ಹಳೆಯದರ ಹಾದಿಯನ್ನೇ ಹಿಡಿಯುವುದು. ಟರ್ಮಿನಲ್ಲುಗಳಲ್ಲಿ ಬೆಳ್ಳಗೆ ಕಿಲುಬು ಕಟ್ಟಿದ್ದರೆ ಅದನ್ನು ಉಜ್ಜಿ ತೆಗೆಯುವುದರಿಂದಲೇ ರೋಗ ಗುಣವಾಗುವುದೂ ಉಂಟು.

ಬ್ಯಾಟರಿಯೇ ಹೋಗಿದೆಯೆಂದು ನಿಶ್ಚಯವಾದ ಮೇಲೆ ಕೊಳ್ಳುವ ವಿಚಾರ. ಗಾಡಿಯ ಕೈಪಿಡಿಯಲ್ಲಿ ಬರೆದಿರುವ ಅಳತೆಯನ್ನು ಮೊದಲು ನೋಡತಕ್ಕದ್ದು. ಹಿಮಾಲಯನ್ 411ಕ್ಕೆ 12 ವೋಲ್ಟ್, 8 ಆಂಪಿಯರ್-ಅವರ್ ಎಂದಿದೆ. ಆದರೆ ವೋಲ್ಟೂ ಆಂಪಿಯರ್-ಅವರೂ ಹೊಂದಿದ ಮಾತ್ರಕ್ಕೆ ಸಾಲದು. ಉದ್ದಗಲಗಳೂ, ಧನ ಋಣ ಟರ್ಮಿನಲ್ಲುಗಳ ಸ್ಥಾನವೂ ಹೊಂದಬೇಕು. ಬಹಳ ಬಳಕೆಯಲ್ಲಿರುವ ವೈಟಿಎಕ್ಸ್ 9-ಬಿಎಸ್ ಎಂಬ ಗಾತ್ರವು 150 ಮಿಲಿಮೀಟರ್ ಉದ್ದ, 87 ಅಗಲ, 105 ಎತ್ತರವಿರುತ್ತದೆ. ವೈಟಿಎಕ್ಸ್ 7ಎಲ್-ಬಿಎಸ್ ಎಂಬುದು ಅದಕ್ಕಿಂತ ಕಿರಿದಾದರೂ ಸುಮಾರು 130 ಮಿಲಿಮೀಟರ್ ಎತ್ತರವಾಗಿದ್ದು, ಮೊದಲನೆಯದರ ಪೆಟ್ಟಿಗೆಯಲ್ಲಿ ಕೂಡುವುದಿಲ್ಲ. ಅಂಕೆಯ ಮುಂದೆ ಬರುವ ‘ಎಲ್’ ಎಂಬ ಅಕ್ಷರವು ಧನ ಟರ್ಮಿನಲ್ಲು ಯಾವ ಕಡೆಗಿದೆಯೆಂಬುದರ ಸೂಚನೆ. ವ್ಯಾಕರಣದಲ್ಲಿ ಒಂದು ಅನುಬಂಧದಿಂದ ರೂಪವೇ ಬೇರೆಯಾಗುವಂತೆ ಇಲ್ಲಿ ಒಂದು ಅಕ್ಷರವನ್ನು ಕಡೆಗಣಿಸಿದರೆ ತಂತಿಯು ಎಟಕದೆ ಹೋಗುತ್ತದೆ. ಎಳೆದು ತಿರುಚಿ ಎಟಕಿಸಿದರೆ ಮುಂದೆ ಕುಲುಕಾಟದಲ್ಲಿ ಅದು ಸವೆದು ತುಂಡಾಗುತ್ತದೆ. ಹಳೆಯ ಬ್ಯಾಟರಿಯನ್ನೇ ಕೈಯಲ್ಲಿ ಹಿಡಿದು ಅಂಗಡಿಗೆ ಹೋಗುವುದು ಎಲ್ಲಕ್ಕಿಂತ ಸುಲಭವಾದ ಉಪಾಯ.

ಇನ್ನು ಜಾತಿಭೇದ. ನೀರು ತುಂಬುವ ಹಳೆಯ ಬಗೆಯದು ಅಗ್ಗವೇನೋ ಹೌದು. ಆದರೆ ಕಾಡುದಾರಿಯ ಗಾಡಿಯು ಬೀಳುವುದಕ್ಕಾಗಿಯೇ ಹುಟ್ಟಿದಂಥಾದ್ದು. ಮಗ್ಗುಲಾಗಿ ಬಿದ್ದಾಗ ಆಮ್ಲವು ಹೊರಗೆ ಹರಿದು ಚೌಕಟ್ಟನ್ನು ತಿನ್ನುತ್ತದೆ, ಬಟ್ಟೆಯನ್ನು ಸುಡುತ್ತದೆ. ಕಲ್ಲುಗಳ ಮೇಲಿನ ಅದುರುವಿಕೆಯಿಂದ ಫಲಕದ ಮೆತ್ತುಗೆಯು ಉದುರಿ ತಳದಲ್ಲಿ ಕೂಡುತ್ತದೆ. ಇದನ್ನು ಇಂಥ ಗಾಡಿಗೆ ಹಾಕಲೇಬಾರದು. ಎರಡನೆಯದು, ಗಾಜಿನ ನೂಲಿನ ಚಾಪೆಗಳಲ್ಲಿ ಆಮ್ಲವನ್ನು ಹೀರಿಸಿ, ಫಲಕಗಳ ನಡುವೆ ಬಿಗಿಯಾಗಿ ಒತ್ತಿ, ಮೇಲೆ ಮುಚ್ಚಿದ ಬಗೆ. ಇದನ್ನು ಎ.ಜಿ.ಎಂ. ಎನ್ನುತ್ತಾರೆ. ಅನಿಲಗಳು ಒಳಗೇ ಕೂಡಿ ಮತ್ತೆ ನೀರಾಗುವುದರಿಂದ ನೀರು ಹಾಕುವ ಕೆಲಸವಿಲ್ಲ, ಬಿದ್ದರೂ ಚೆಲ್ಲುವುದಿಲ್ಲ, ಒತ್ತಾಗಿರುವುದರಿಂದ ಮೆತ್ತುಗೆಯು ಬೇಗ ಉದುರುವುದಿಲ್ಲ. ನಮ್ಮ ಸೀಮೆಯ ಸೆಕೆ, ಮಳೆ, ಕಲ್ಲು, ಮೂರನ್ನೂ ಸಹಿಸತಕ್ಕದ್ದು ಇದೇ ಎಂಬುದು ನನ್ನ ಅಭಿಪ್ರಾಯ.

ಮೂರನೆಯದು ಲಿಥಿಯಂ ಕಬ್ಬಿಣ ಫಾಸ್ಫೇಟಿನದು. ಲಿಥಿಯಂ ಬ್ಯಾಟರಿಗಳ ಕೆಲಸಕ್ಕಾಗಿ 2019ರಲ್ಲಿ ಇನ್ನಿಬ್ಬರೊಡನೆ ನೊಬೆಲ್ ಬಹುಮಾನವನ್ನು ಪಡೆದ ಜಾನ್ ಗುಡಿನಫ್ ಅವರ ಪ್ರಯೋಗಶಾಲೆಯಿಂದಲೇ ಇದೂ ಹೊರಟಿತು. ಸೀಸದ ಬ್ಯಾಟರಿಯು ಮೂರು ಕಿಲೋಗ್ರಾಂ ತೂಗುವಲ್ಲಿ ಇದು ಒಂದಕ್ಕೂ ಕಡಮೆ. ಯುವಕರಿಗೆ ಇದರ ಮೇಲೆ ಬಹಳ ಮೋಹ. ಮೋಹವನ್ನು ಲೆಕ್ಕದಿಂದ ಪರೀಕ್ಷಿಸೋಣ. ಸೆಲ್ಫ್ ಮೋಟಾರು 100 ಆಂಪಿಯರಿನಂತೆ ಮೂರು ಸೆಕೆಂಡು ಎಳೆದಿತೆನ್ನಿರಿ. 300 ಆಂಪಿಯರ್-ಸೆಕೆಂಡು ವ್ಯಯವಾಯಿತು. 8 ಆಂಪಿಯರ್-ಅವರ್ ಎಂದರೆ 28,800 ಆಂಪಿಯರ್-ಸೆಕೆಂಡು. ಎಂದರೆ ಒಂದು ಸಲ ಹೊತ್ತಿಸುವುದಕ್ಕೆ ಬೇಕಾದದ್ದು ತೊಂಬತ್ತಾರರಲ್ಲಿ ಒಂದೇ ಪಾಲು! ಲಿಥಿಯಂ ಬ್ಯಾಟರಿಯು ಚಿಕ್ಕದಾಗಿದ್ದರೂ ಅಷ್ಟು ಪ್ರವಾಹವನ್ನು ಒಮ್ಮೆಗೇ ಕೊಡಬಲ್ಲುದಾದ್ದರಿಂದ ಚೆನ್ನಾಗಿಯೇ ಹೊತ್ತಿಸುತ್ತದೆ. ತೊಡಕಿರುವುದು ನಿಲ್ಲಿಸಿದಾಗ. ಪೆಟ್ಟಿಗೆಯ ಮೇಲೆ ‘8ಕ್ಕೆ ಸಮಾನ’ ಎಂದು ದೊಡ್ಡಕ್ಷರದಲ್ಲಿರುತ್ತದೆ, ಚಿಕ್ಕಕ್ಷರದಲ್ಲಿ 38.4 ವಾಟ್-ಅವರ್ ಎಂದಿದ್ದರೆ ಅದನ್ನು 12.8ರಿಂದ ಭಾಗಿಸಿರಿ, ನಿಜವಾದ ಸಂಗ್ರಹವು 3 ಆಂಪಿಯರ್-ಅವರ್ ಮಾತ್ರ. ಗಾಡಿಯಲ್ಲಿ ಗಡಿಯಾರ, ಕಳವಿನ ಎಚ್ಚರಿಕೆಯ ಯಂತ್ರ ಮುಂತಾದುವು ಸೇರಿ ಕೀಲಿಯನ್ನು ತೆಗೆದಾಗಲೂ 5 ಮಿಲಿಆಂಪಿಯರನ್ನು ಹೀರುತ್ತಿದ್ದರೆ, 3 ಆಂಪಿಯರ್-ಅವರ್ 25 ದಿನಗಳಲ್ಲಿ ಪೂರ್ತಿ ಬರಿದು. 8 ಇದ್ದರೆ 66 ದಿನ. ಗಾಡಿ ಹೊತ್ತದ ಸ್ಥಿತಿಯು ಇದಕ್ಕೂ ಬಹಳ ಮುಂಚೆಯೇ ಬರುವುದು. ಒಂದು ಸಲ ಪೂರ್ಣವಾಗಿ ಬರಿದಾದ ಲಿಥಿಯಂ ಬ್ಯಾಟರಿಯು ಮತ್ತೆ ಚೇತರಿಸಿಕೊಳ್ಳುವುದು ಅನುಮಾನ. ರೆಗ್ಯುಲೇಟರು ತಪ್ಪಿ 15 ವೋಲ್ಟನ್ನು ದಾಟಿದರೆ ಅದಕ್ಕೆ ಅಪಾಯ. ಸೀಸಕ್ಕೆಂದು ಮಾಡಿದ ಚಾರ್ಜರುಗಳಲ್ಲಿ ಸಲ್ಫೇಟನ್ನು ಕರಗಿಸುವ ಕ್ರಮವಿರುವಂಥವನ್ನು ಅದಕ್ಕೆ ತಗುಲಿಸಕೂಡದು. ಸೊನ್ನೆ ಡಿಗ್ರಿಗೂ ಕೆಳಗಿನ ಶೀತದಲ್ಲಿ ಅದನ್ನು ಚಾರ್ಜ್ ಮಾಡಿದರೆ ಒಳಗೆ ಕೆಡುತ್ತದೆ. ಲೇಹದ ಕಡೆ ಮುಂಜಾನೆಯಲ್ಲಿ ಅದು ಮಂಕಾಗಿರುವಾಗ ಕೀಲಿಯನ್ನು ತಿರುಗಿಸಿ ಕೊಂಚ ಹೊತ್ತು ದೀಪಗಳನ್ನುರಿಸಿದರೆ ತಾನಾಗಿ ಬೆಚ್ಚಗಾಗಿ ಎಚ್ಚೆತ್ತುಕೊಳ್ಳುವುದೆಂಬುದು ನಿಜ. ಆದರೆ ಪಂದ್ಯಗಳಲ್ಲಿ ಓಡಿಸುವವರಿಗಲ್ಲದೆ ಉಳಿದವರಿಗೆ ಎರಡು ಕಿಲೋಗ್ರಾಂ ಉಳಿತಾಯಕ್ಕಾಗಿ ಇಷ್ಟು ನಿಯಮಗಳ ವ್ರತವು ಏತಕ್ಕೆ?

ಈಗ ಆ ಯುವಕನ ಹೊಸ ಬ್ಯಾಟರಿಯ ಸಂಗತಿ. ಅದು ಒಳ್ಳೆಯ ಹೆಸರಿನ ಎ.ಜಿ.ಎಂ. ಬ್ಯಾಟರಿಯೇ. ಸಂಕೇತದ ಕೊನೆಯಲ್ಲಿ ಬರುವ ‘ಬಿಎಸ್’ ಎಂದರೆ, ಆಮ್ಲವು ಬೇರೆ ಸೀಸೆಯಲ್ಲಿ ಬರುತ್ತದೆಂದು ಅರ್ಥ. ಅಂಗಡಿಯವನು ಅದನ್ನು ತುಂಬಿ, ಫಲಕಗಳು ಹೀರಿಕೊಳ್ಳಲು ಅರ್ಧ ಗಂಟೆಯಾದರೂ ಬಿಟ್ಟು, ಆಮೇಲೆ ಪೂರ್ಣವಾಗಿ ಚಾರ್ಜ್ ಮಾಡಿ ಕೊಡತಕ್ಕದ್ದು. ಆಮ್ಲ ತುಂಬಿದೊಡನೆ ಬ್ಯಾಟರಿಯು ಸುಮಾರು ನೂರಕ್ಕೆ ಎಂಬತ್ತರಷ್ಟು ಮಾತ್ರ ಸಿದ್ಧವಾಗಿರುತ್ತದೆ. ಮೊದಲನೆಯ ಚಾರ್ಜು ಕಡಮೆಯಾದರೆ ಆ ಕೊರತೆಯು ಕಡೆಯತನಕ ತುಂಬುವುದಿಲ್ಲ. ಪೇಟೆಯ ಆ ಅಂಗಡಿಯವನು ಆಮ್ಲವನ್ನು ಸುರಿದು, ಹತ್ತು ನಿಮಿಷದಲ್ಲಿ ಗಾಡಿಗೆ ಬಿಗಿದು ಕಳುಹಿಸಿಬಿಟ್ಟಿದ್ದನು. ಹುಡುಗನು ಅವಸರದವನು, ಅವನು ಇನ್ನೂ ಅವಸರದವನು. 8 ಆಂಪಿಯರ್-ಅವರಿಗೆ ಹತ್ತನೆಯ ಒಂದು ಪಾಲು, ಎಂದರೆ 0.8 ಆಂಪಿಯರಿನಂತೆ, ಐದರಿಂದ ಹತ್ತು ಗಂಟೆಗಳ ಚಾರ್ಜು ಬೇಕು. ಸಾಯಂಕಾಲ ಕೊಟ್ಟು ಮರುದಿನ ತರುತ್ತೇವೆಂದು ಹೇಳಲು ಸಂಕೋಚಪಡಬೇಡಿರಿ. ಕಾರ್ಖಾನೆಯಲ್ಲಿಯೇ ತುಂಬಿ ಬಂದದ್ದಾದರೆ ತಯಾರಾದ ತಿಂಗಳನ್ನು ಕೇಳಿ, ಅಂಗಡಿಯಲ್ಲಿಯೇ ವೋಲ್ಟನ್ನು ಅಳೆಯಿಸಿರಿ, 12.4ಕ್ಕೂ ಕಡಮೆಯಿದ್ದರೆ ಅದು ಕಪಾಟಿನಲ್ಲಿ ಬಹಳ ಕಾಲ ಕುಳಿತ ಸರಕು. ಎಕ್ಸೈಡ್, ಅಮರಾನ್ ಎಂಬ ಹೆಸರಿಗಿಂತಲೂ ಈ ತಿಂಗಳೂ ಈ ಅಂಕೆಯೂ ಮುಖ್ಯ. ವಾರಂಟಿ ಚೀಟಿಯ ಮೇಲೆ ದಿನಾಂಕವನ್ನೂ ಮುದ್ರೆಯನ್ನೂ ಹಾಕಿಸಿಕೊಳ್ಳದೆ ಹೊರಡಬಾರದು. ಎಷ್ಟು ತಿಂಗಳು ಪೂರ್ತಿ ಬದಲಾಯಿಸಿ ಕೊಡುತ್ತಾರೆ, ಅನಂತರ ಎಷ್ಟು ತಿಂಗಳು ರಿಯಾಯಿತಿ ಮಾತ್ರ ಎಂಬುದನ್ನು ಬಿಡಿಸಿ ಕೇಳಬೇಕು.

ಜೋಡಿಸುವಾಗ ಧನದ ತಂತಿಯು ಮೊದಲು, ಋಣದ್ದು ಆಮೇಲೆ. ಬಿಚ್ಚುವಾಗ ಇದರ ವಿಲೋಮ. ಹಾಗಲ್ಲದೆ ಮಾಡಿದರೆ ಸ್ಪ್ಯಾನರು ಚೌಕಟ್ಟಿಗೆ ತಗುಲಿ ಕಿಡಿ ಹಾರುವುದು. ಟರ್ಮಿನಲ್ಲಿನ ಚಿಕ್ಕ ಚೌಕ ನಟ್ಟು ಕೆಳಗೆ ಜಾರಿ ಸ್ಕ್ರೂ ಹಿಡಿಯದೆ ಕಾಡಿಸುತ್ತದೆ. ಅದರ ಅಡಿಗೆ ರಬ್ಬರ್ ಕೊಳವೆಯ ತುಂಡೊಂದನ್ನು ಸೇರಿಸಿದರೆ ತಾನೇ ಮೇಲಕ್ಕೆ ನಿಲ್ಲುವುದು. ಪೆಟ್ಟಿಗೆಯಲ್ಲಿ ಬ್ಯಾಟರಿಯು ಅಲುಗಾಡಿದರೆ ರಬ್ಬರ್ ಪಟ್ಟಿಯನ್ನು ಇಟ್ಟು ಬಿಗಿಮಾಡಿರಿ. ಕಾಡುದಾರಿಯಲ್ಲಿ ಬ್ಯಾಟರಿಯನ್ನು ಕೊಲ್ಲುವುದು ಅನೇಕ ವೇಳೆ ಈ ಅಲುಗಾಟವೇ. ಮಲೆನಾಡಿನಲ್ಲಿ ಜೂನಿನಿಂದ ಆಗಸ್ಟಿನವರೆಗೆ ಗಾಡಿಯನ್ನು ಮೂಲೆಗೆ ನಿಲ್ಲಿಸುವ ಮನೆಯವರು ಋಣದ ತಂತಿಯನ್ನು ಕಳಚಿಟ್ಟು, ತಿಂಗಳಿಗೊಮ್ಮೆ ಚಾರ್ಜರಿಗೆ ಹಾಕಿದರೆ, ಮಳೆ ಬಿಟ್ಟ ದಿನ ಗುಂಡಿಯನ್ನೊತ್ತಿದೊಡನೆ ಇಂಜಿನು ಮಾತಾಡುವುದು.

ಹಳೆಯ ಬ್ಯಾಟರಿಯನ್ನು ಹಿತ್ತಲಿಗೆ ಎಸೆಯಬಾರದು. ಸೀಸವು ವಿಷ, ಮಕ್ಕಳಿಗೆ ವಿಶೇಷವಾಗಿ. ಬೀದಿಯ ಗುಜರಿಯವನಿಗೆ ಕೊಟ್ಟರೆ ಅವನು ಆಮ್ಲವನ್ನು ಚರಂಡಿಗೆ ಚೆಲ್ಲಿ ಸೀಸವನ್ನಷ್ಟೇ ಒಯ್ಯುವ ಸಂಭವವುಂಟು. 2022ನೆಯ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಹೊಸದನ್ನು ಕೊಳ್ಳುವಾಗ ಹಳೆಯದಕ್ಕೆಂದು ಅಂಗಡಿಯಲ್ಲಿ ಬೆಲೆಯಲ್ಲಿ ಒಂದಿಷ್ಟು ಕಳೆಯುತ್ತಾರೆ. ಕಳೆಯದಿದ್ದರೆ ಕೇಳಿ ಕಳೆಯಿಸಿಕೊಳ್ಳತಕ್ಕದ್ದು.