ಮುದಿ ಟ್ಯಾಂಕಿನ ಮರುಜನ್ಮ ಮತ್ತು ಮುಸಫ್ಫಾದ ಬೆಸುಗೆ ವಿದ್ಯೆ

ಅಬುಧಾಬಿ ದ್ವೀಪದ ಸೇತುವೆ ದಾಟಿ ಒಳನಾಡಿಗೆ ಹೊರಳಿದರೆ ಮುಸಫ್ಫಾ ಎದುರಾಗುತ್ತದೆ. ಗಗನಚುಂಬಿ ಕಟ್ಟಡಗಳ ಬದಲು ಇಲ್ಲಿ ಗ್ಯಾರೇಜುಗಳು, ಫ್ಯಾಬ್ರಿಕೇಷನ್ ವರ್ಕ್‌ಶಾಪುಗಳು, ಉಕ್ಕಿನ ದಾಸ್ತಾನುಗಳು. 1996ರಲ್ಲಿ ಸ್ಥಾಪನೆಯಾದ ಅಬುಧಾಬಿ ಶಿಪ್ ಬಿಲ್ಡಿಂಗ್ ಸಂಸ್ಥೆ ಯುದ್ಧನೌಕೆಗಳನ್ನು ಕಟ್ಟುವುದೂ ಇಲ್ಲಿಯೇ. ಮಗ ಗಲ್ಫಿನಲ್ಲಿ ವೆಲ್ಡರ್ ಎಂದು ಹೇಳುವಾಗ ಊರಿನಲ್ಲಿ ಕೆಲವರ ದನಿ ತಗ್ಗುವುದುಂಟು. ಆ ವಿದ್ಯೆಯ ತೂಕವನ್ನು ತಿಳಿಯಲು ಹಳೆಯ ಟ್ಯಾಂಕುಗಳಿಗೆ ಮರುಜನ್ಮ ಕೊಡುವ ಕೆಲಸವನ್ನೊಮ್ಮೆ ನೋಡಬೇಕು.

ಟ್ಯಾಂಕಿನ ಫಿರಂಗಿ ಹಳತಾದರೂ ಅದರ ದಪ್ಪ ಉಕ್ಕಿನ ಒಡಲು ಗಟ್ಟಿಯಾಗಿಯೇ ಉಳಿದಿರುತ್ತದೆ. ತಿರುಗುವ ಗೋಪುರವನ್ನು ತೆಗೆದು ಒಳಗೆ ಸೈನಿಕರನ್ನು ಕೂರಿಸಿದರೆ ಸುಭದ್ರವಾದ ವಾಹನ ಸಿದ್ಧವಾಗುತ್ತದೆ. ಅದಕ್ಕೆ ತಕ್ಕ ಹೊಸ ತೋಪನ್ನೂ ಜೋಡಿಸಿದರೆ, ಸೈನಿಕರನ್ನು ಸಾಗಿಸುತ್ತ ತಾನೂ ಹೋರಾಡುವ ಪದಾತಿ ಯುದ್ಧವಾಹನವಾಗುತ್ತದೆ. ತೊಡಕಿರುವುದು ಬಾಗಿಲಿನಲ್ಲಿ. ಸೈನಿಕರು ಹಿಂದಿನಿಂದ ಇಳಿಯಬೇಕು. ಬಹುತೇಕ ಟ್ಯಾಂಕುಗಳಲ್ಲಿ ಎಂಜಿನ್ ಇರುವುದೂ ಹಿಂದೆಯೇ.

ಇಸ್ರೇಲ್ ತಾನು ವಶಪಡಿಸಿಕೊಂಡ ಸೋವಿಯತ್ ಟಿ-54, ಟಿ-55 ಟ್ಯಾಂಕುಗಳಿಂದ 'ಅಖ್ಜಾರಿತ್' ಎಂಬ ಸೈನಿಕ ವಾಹನವನ್ನು ರೂಪಿಸಿತು. ಚಿಕ್ಕ ಎಂಜಿನನ್ನು ಅಡ್ಡಲಾಗಿ ಇರಿಸಿ, ಬಲಬದಿಯಲ್ಲಿ ಇಕ್ಕಟ್ಟಾದ ಹಾದಿಯೊಂದನ್ನು ಬಿಡಿಸಿತು. ಜೋರ್ಡಾನ್ ತನ್ನ ಸೆಂಚುರಿಯನ್ ಟ್ಯಾಂಕಿನ ಒಡಲನ್ನೇ ಹಿಂದುಮುಂದಾಗಿಸಿ, ಎಂಜಿನ್ ಮುಂದೆ ಬರುವಂತೆ 'ತೆಮ್ಸಾ' ಎಂಬ ಮಾದರಿಯನ್ನು ತಯಾರಿಸಿತು. ಸಂಯುಕ್ತ ಅರಬ್ ಸಂಸ್ಥಾನ ಹಿಡಿದ ದಾರಿ ಬೇರೆ. 2017ರ ಐಡೆಕ್ಸ್ ಪ್ರದರ್ಶನದ ಹೊತ್ತಿಗೆ ಕಾಣಿಸಿಕೊಂಡ ಎಂಟು ಚಕ್ರಗಳ 'ರಬ್ದಾನ್' ವಾಹನದ ಒಡಲು ಹೊಸದು. ಅದರ ಮೇಲೆ ಕೂತದ್ದು ಬಿಎಂಪಿ-3ರ ಗೋಪುರ. ನಮ್ಮ ಕೆಜಿಎಫ್‌ನ ಬಿಇಎಂಎಲ್ ಕೂಡ ಟಿ-72 ಟ್ಯಾಂಕಿನ ತಳಹದಿಯ ಮೇಲೆ, ಕೆಟ್ಟುನಿಂತ ಟ್ಯಾಂಕುಗಳನ್ನು ಎಳೆದೊಯ್ಯುವ ವಾಹನಗಳನ್ನು ತಯಾರಿಸಿದೆ.

ಇಂಥ ಕೆಲಸದ ಸೋಲುಗೆಲುವು ಬೆಸುಗೆಯಲ್ಲಿದೆ. ಕವಚದ ಉಕ್ಕು ಸಾಮಾನ್ಯ ಉಕ್ಕಿನಂತಲ್ಲ. ಶಾಖ ಹೆಚ್ಚಾದರೆ ಬೆಸುಗೆಯ ಅಂಚು ಮೆತ್ತಗಾಗಿ ಗುಂಡಿಗೆ ದಾರಿ ಕೊಡುತ್ತದೆ. ವೆಲ್ಡಿಂಗ್ ರಾಡಿನಲ್ಲಿ ತೇವವಿದ್ದರೆ ಜಲಜನಕ ಒಳಸೇರಿ, ಬೆಸೆದ ಎಷ್ಟೋ ಗಂಟೆಗಳ ಬಳಿಕ ಬಿರುಕು ಮೂಡುತ್ತದೆ. ಆದ್ದರಿಂದಲೇ ರಾಡನ್ನು ಒಣಗಿಸುವುದು, ತಗಡನ್ನು ಮೊದಲೇ ಹದವಾಗಿ ಕಾಯಿಸುವುದು, ಬಳಿಕ ಶಬ್ದಾತೀತ ತರಂಗಗಳಿಂದ ಪರೀಕ್ಷಿಸುವುದು. ಅವಸರದ ಕೈಗೆ ಇಲ್ಲಿ ಸ್ಥಾನವಿಲ್ಲ. ಒಳಗೆ ಕೂರುವವರ ಜೀವ ಆ ಗೆರೆಯನ್ನೇ ನಂಬಿರುತ್ತದೆ.

ರಕ್ಷಣಾ ಕಾರ್ಖಾನೆಗಳ ಬಾಗಿಲು ಹೊರಗಿನವರೆಲ್ಲರಿಗೂ ತೆರೆಯುವುದಿಲ್ಲ. ಆದರೆ ಇದೇ ಹದ, ಇದೇ ಶಿಸ್ತು ಹಡಗಿಗೂ ತೈಲದ ಕೊಳವೆಗೂ ಬೇಕು. ಹೊರಡಲು ಅಣಿಯಾಗುತ್ತಿರುವ ಯುವಕರು ಐಟಿಐ ಮುಗಿಸಿ, ಕೊಳವೆ ಬೆಸುಗೆಯ 6ಜಿ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಬರುವುದು ಲೇಸು. ಏಜೆಂಟರು ನೋಂದಾಯಿತರೇ ಎಂಬುದನ್ನು ಇ-ಮೈಗ್ರೇಟ್ ತಾಣದಲ್ಲಿ ಮೊದಲು ನೋಡಿಕೊಳ್ಳಿ. ಭಾರತದ ನಿಯಮದಂತೆ ಅವರು ಪಡೆಯಬಹುದಾದ ಸೇವಾಶುಲ್ಕದ ಮಿತಿ 30,000 ರೂಪಾಯಿ ಮತ್ತು ಜಿಎಸ್‌ಟಿ. ಅದಕ್ಕೂ ಹೆಚ್ಚು ಕೇಳಿದರೆ ತೋಟ ಅಡವಿಡುವ ಮುನ್ನ ಮನೆಯ ಹಿರಿಯರು ಬೇಡವೆನ್ನಲಿ. ಕೈಯಲ್ಲಿ ಪಳಗಿದ ವಿದ್ಯೆಯಿರುವವನಿಗೆ ಸಾಲ ಹೊತ್ತು ವಿಮಾನವೇರುವ ಅಗತ್ಯವಿಲ್ಲ.