ತೆರೆಯ ಬಣ್ಣವನ್ನು ನಂಬಬಹುದೇ?

ಒಂದೇ ಛಾಯಾಚಿತ್ರವನ್ನು ಎರಡು ಗಣಕಯಂತ್ರಗಳ ತೆರೆಗಳ ಮೇಲೆ ಅಕ್ಕಪಕ್ಕದಲ್ಲಿ ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಒಂದರಲ್ಲಿ ಅರಿಶಿನದ ಬಣ್ಣ ತಳೆದ ಸೀರೆ ಮತ್ತೊಂದರಲ್ಲಿ ನಿಂಬೆಹಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಮುದ್ರಿಸಿ ತಂದ ಪ್ರತಿಯಲ್ಲಿ ಮೂರನೆಯದೇ ಬಣ್ಣ. ಚಿತ್ರ ಒಂದೇ ಆಗಿರುವಾಗ ಬಣ್ಣಗಳು ಮೂರಾದುದು ಹೇಗೆ? ಇವುಗಳಲ್ಲಿ ನಾವು ಯಾವುದನ್ನು ನಂಬಬೇಕು?

ನಿಜವಾಗಿ ನೋಡಿದರೆ, ಗಣಕಯಂತ್ರದಲ್ಲಿ ಶೇಖರವಾಗಿರುವ ಚಿತ್ರದಲ್ಲಿ ಬಣ್ಣವೆಂಬುದೇ ಇಲ್ಲ. ಇರುವುದು ಅಂಕಿಗಳು ಮಾತ್ರ. ಚಿತ್ರದ ಒಂದೊಂದು ಚುಕ್ಕೆಗೂ ಕೆಂಪು, ಹಸಿರು, ನೀಲಿ ಬೆಳಕುಗಳ ಪ್ರಮಾಣವು ಸಾಮಾನ್ಯವಾಗಿ 0ಯಿಂದ 255ರವರೆಗಿನ ಅಂಕಿಗಳಲ್ಲಿ ದಾಖಲಾಗಿರುತ್ತದೆ. ಆದರೆ 'ಹಸಿರು 255' ಎಂದರೆ ಯಾವ ಹಸಿರು, ಎಷ್ಟು ಪ್ರಖರವಾದ ಹಸಿರು ಎಂಬುದನ್ನು ಆ ಅಂಕಿಯೊಂದೇ ಹೇಳಲಾರದು. ಮೆಟ್ರಿಕ್ ಪದ್ಧತಿ ಬರುವ ಮುನ್ನ ನಮ್ಮಲ್ಲಿ ಕಚ್ಚಾ ಸೇರು, ಪಕ್ಕಾ ಸೇರು ಎಂದು ಬೇರೆ ಬೇರೆ ಅಳತೆಗಳಿದ್ದುವು. 'ಹತ್ತು ಸೇರು' ಎಂದರೆ ಸಾಲದು. ಯಾವ ಸೇರು ಎಂದು ಕೇಳಬೇಕಾಗಿತ್ತು. ತೆರೆಗಳ ಸ್ಥಿತಿಯೂ ಹಾಗೆಯೇ. ಒಂದೊಂದು ತೆರೆಗೂ ಒಂದೊಂದು ಸೇರು. ಅದೂ ತೆರೆ ಹಳೆಯದಾದಂತೆ ವ್ಯತ್ಯಾಸ ಹೊಂದುವ ಸೇರು.

ಹಾಗಾದರೆ ಎಲ್ಲರೂ ಒಪ್ಪುವ ಅಳತೆ ಯಾವುದು? ಅದು ದೊರೆತುದು ಮನುಷ್ಯನ ಕಣ್ಣಿನಿಂದಲೇ. 1920ರ ದಶಕದಲ್ಲಿ ಇಂಗ್ಲೆಂಡಿನ ರೈಟ್ ಮತ್ತು ಗಿಲ್ಡ್ ಎಂಬ ವಿಜ್ಞಾನಿಗಳು, ಮೂರು ಬೆಳಕುಗಳ ಮಿಶ್ರಣದಿಂದ ವರ್ಣಪಟಲದ ಬಣ್ಣಗಳನ್ನು ಸರಿಗಟ್ಟಲು ಯಾವುದು ಎಷ್ಟೆಷ್ಟು ಬೇಕೆಂಬುದನ್ನು ಬೇರೆಬೇರೆಯಾಗಿ ಅಳೆದರು. ಈ ಪ್ರಯೋಗಗಳನ್ನು ಆಧರಿಸಿ ಅಂತರರಾಷ್ಟ್ರೀಯ ದೀಪನ ಆಯೋಗವು 1931ರಲ್ಲಿ, ಸಾಧಾರಣ ದೃಷ್ಟಿಗೆ ಕಾಣುವ ಪ್ರತಿಯೊಂದು ಬಣ್ಣಕ್ಕೂ ಯಂತ್ರವನ್ನು ಅವಲಂಬಿಸದ ಒಂದು ಸ್ಥಾನವನ್ನು ಗೊತ್ತುಪಡಿಸಿತು.

ತೆರೆಯನ್ನು ಈ ಅಳತೆಯೊಡನೆ ಹೊಂದಿಸುವಲ್ಲಿ ಎರಡು ಹಂತಗಳಿವೆ. ಮೊದಲನೆಯದು ಕ್ಯಾಲಿಬ್ರೇಷನ್, ಎಂದರೆ ತೆರೆಯನ್ನು ಗೊತ್ತಾದ ಒಂದು ಸ್ಥಿತಿಗೆ ತರುವುದು. ಬಿಳಿಯ ಛಾಯೆಯನ್ನು ಸಾಮಾನ್ಯವಾಗಿ 6500 ಕೆಲ್ವಿನ್‌ಗೆ, ಅದರ ಪ್ರಕಾಶವನ್ನು ಚದರ ಮೀಟರಿಗೆ ಸುಮಾರು 80ರಿಂದ 120 ಕ್ಯಾಂಡೆಲಾಗಳಿಗೆ ನಿಲ್ಲಿಸುವುದು ವಾಡಿಕೆ. ಎರಡನೆಯದು ಪ್ರೊಫೈಲ್, ಎಂದರೆ ವರ್ಣವಿವರವನ್ನು ಸಿದ್ಧಪಡಿಸುವುದು. ವರ್ಣಮಾಪಕವೆಂಬ ಚಿಕ್ಕ ಉಪಕರಣವನ್ನು ತೆರೆಗೆ ತಗುಲಿಸಿಟ್ಟರೆ, ತಂತ್ರಾಂಶವು ಗೊತ್ತಾದ ಅಂಕಿಗಳ ಬಣ್ಣಗಳನ್ನು ಒಂದಾದಮೇಲೊಂದರಂತೆ ತೋರಿಸುತ್ತದೆ. ಯಾವ ಅಂಕಿಗೆ ತೆರೆ ಯಾವ ಬಣ್ಣವನ್ನು ಕೊಟ್ಟಿತೆಂದು ಲೆಕ್ಕ ಬರೆದಿಡುತ್ತದೆ. ಆ ಲೆಕ್ಕವೇ ಪ್ರೊಫೈಲ್. ಚಿತ್ರ ತಿದ್ದುವ ತಂತ್ರಾಂಶವು ಅದನ್ನು ನೋಡಿಕೊಂಡು, ತೆರೆಗೆ ಕಳುಹಿಸುವ ಅಂಕಿಗಳನ್ನು ಮಾತ್ರ ಮಾರ್ಪಡಿಸುತ್ತದೆ; ಚಿತ್ರದ ಅಂಕಿಗಳು ಇದ್ದಂತೆಯೇ ಇರುತ್ತವೆ.

ಇಷ್ಟೆಲ್ಲ ಏಕೆ, ಕಣ್ಣೊಂದೇ ಸಾಲದೇ ಎಂದು ವಾಚಕರು ಕೇಳಬಹುದು. ಸಾಲದು, ಏಕೆಂದರೆ ಕಣ್ಣು ಎದುರಿಗಿರುವ ಬೆಳಕಿಗೆ ಬಹು ಬೇಗ ಒಗ್ಗಿಕೊಳ್ಳುತ್ತದೆ. ಮಿತಿಮೀರಿ ಬೆಳಗುವ ತೆರೆಯ ಮುಂದೆ ಕುಳಿತು ಒಬ್ಬನು ಮದುವೆಯ ಚಿತ್ರಗಳನ್ನು ತಿದ್ದುತ್ತಿದ್ದಾನೆ ಎನ್ನೋಣ. ಮುಖಗಳು ಬಿಳಿಚಿಕೊಂಡಂತೆ ಕಂಡು ಅವನು ಚಿತ್ರವನ್ನು ಕಪ್ಪಾಗಿಸುತ್ತಾನೆ. ಅಚ್ಚಾಗಿ ಬಂದ ಆಲ್ಬಮಿನಲ್ಲಿ ಮುಖಗಳು ಮಂಕು. ಸೀರೆಯ ಅಂಚಿನ ಕುಸುರಿ ಕತ್ತಲಲ್ಲಿ ಮಾಯ. ತೆರೆಯ ದೋಷವನ್ನು ಅವನು ಚಿತ್ರದೊಳಗೆ ಬರೆದುಬಿಟ್ಟನು. ಮೂಲಚಿತ್ರವನ್ನು ಉಳಿಸಿಕೊಂಡಿರದಿದ್ದರೆ ಅಳಿದುಹೋದ ವಿವರಗಳನ್ನು ಮರಳಿ ಪಡೆಯುವ ಮಾರ್ಗವಿಲ್ಲ.

ತೆರೆಗಿರುವಂತೆ ಚಿತ್ರಕ್ಕೂ ಒಂದು ಪ್ರೊಫೈಲ್ ಇರಬೇಕು. 1996ರಲ್ಲಿ ರೂಪುಗೊಂಡ ಎಸ್‌ಆರ್‌ಜಿಬಿ ಸಾಮಾನ್ಯ ಬಳಕೆಯ ಅಳತೆ. 1998ರ ಅಡೋಬಿ ಆರ್‌ಜಿಬಿಯಲ್ಲಿ ಹಸಿರಿನ ವ್ಯಾಪ್ತಿ ಹೆಚ್ಚು. ಎರಡನೆಯದರ ಅಂಕಿಗಳನ್ನು ಮೊದಲನೆಯದರ ಅಂಕಿಗಳೆಂದು ಓದಿದರೆ ಚಿತ್ರ ಪೇಲವವಾಗಿ ಕಾಣುತ್ತದೆ. ತಂತ್ರಾಂಶದಲ್ಲಿ ಪ್ರೊಫೈಲನ್ನು 'ಹಚ್ಚುವುದು' ಬೇರೆ, ಪ್ರೊಫೈಲಿಗೆ 'ಪರಿವರ್ತಿಸುವುದು' ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಹಚ್ಚಿದರೆ ಅಂಕಿಗಳು ಉಳಿದು ಬಣ್ಣ ಬದಲಾಗುತ್ತದೆ. ಪರಿವರ್ತಿಸಿದರೆ ಬಣ್ಣವನ್ನು ಸಾಧ್ಯವಾದಷ್ಟು ಉಳಿಸಿ ಅಂಕಿಗಳು ಬದಲಾಗುತ್ತವೆ.

ಇಷ್ಟಾದರೂ ಕಾಗದವು ತೆರೆಯಂತೆ ತಾನೇ ಬೆಳಗಲಾರದು. ಎರಡೂ ಪೂರ್ತಿಯಾಗಿ ಒಂದಾಗುವುದಿಲ್ಲ. ಆದರೆ ಮುದ್ರಣಯಂತ್ರ, ಶಾಯಿ, ಕಾಗದಗಳ ಪ್ರೊಫೈಲ್ ದೊರೆತರೆ ಅಚ್ಚಿನಲ್ಲಿ ಏನು ಕಳೆಯಬಹುದೆಂಬುದನ್ನು ತೆರೆಯ ಮೇಲೆಯೇ ಮುಂಚಿತವಾಗಿ ಅಂದಾಜು ಮಾಡಬಹುದು. ಆದುದರಿಂದ ತೆರೆಯನ್ನು ಆಗಾಗ್ಗೆ ಅಳೆಯಿಸುವುದು, ಮೂಲಚಿತ್ರವನ್ನು ಕಾಪಾಡುವುದು, ಚಿತ್ರವನ್ನು ಕಳುಹಿಸುವಾಗ ಅದರ ಪ್ರೊಫೈಲನ್ನೂ ಜೊತೆಗಿಡುವುದು, ಈ ಮೂರನ್ನು ರೂಢಿಸಿಕೊಂಡರೆ ನಾವು ಕಂಡ ಬಣ್ಣವನ್ನು ಮತ್ತೊಬ್ಬರೂ ಬಹುಮಟ್ಟಿಗೆ ಹಾಗೆಯೇ ಕಾಣುವರು.